ಚಳಿ ಬರುವ ಮೊದಲು ಒಣಗಬೇಕಾದದ್ದು

ಒಲೆಯೊಳಗಿನ ಕೊರಡಿನಿಂದ ನೀರು ಒಸರುವುದನ್ನು ನಾನು ಮೊದಲ ಸಲ ಗಮನವಿಟ್ಟು ನೋಡಿದ್ದು ಮೂರು ವರ್ಷದ ಹಿಂದೆ, ಡಿಸೆಂಬರಿನ ಒಂದು ಸಂಜೆ. ಕೊರಡಿನ ಒಂದು ತುದಿಗೆ ಬೆಂಕಿ ತಾಗಿತ್ತು. ಇನ್ನೊಂದು ತುದಿಯಲ್ಲಿ, ಗರಗಸದ ಗೀರುಗಳು ಇನ್ನೂ ಹೊಸದಾಗಿ ಕಾಣುತ್ತಿದ್ದ ಜಾಗದಲ್ಲಿ, ಸಣ್ಣ ಗುಳ್ಳೆಗಳು ಎದ್ದು, ನೊರೆಯಾಗಿ, ಕಂದು ಹನಿಗಳಾಗಿ ಬೂದಿಯ ಮೇಲೆ ಬೀಳುತ್ತಿದ್ದವು. ಒಂದೊಂದು ಹನಿಗೂ ಚುಯ್ ಎಂಬ ಸದ್ದು. ಉರಿ ಎನ್ನುವಂಥ ಉರಿ ಇರಲಿಲ್ಲ. ಕೊರಡಿನ ಹೊಟ್ಟೆಯಡಿ ಒಂದು ಕೆಂಪು ಗೆರೆ, ಕೋಣೆಯ ತುಂಬ ಹೊಗೆ. ಅಮ್ಮ ಕಂಬಳಿ ಹೊದ್ದು ಒಲೆಯ ಪಕ್ಕದಲ್ಲೇ ಕೂತಿದ್ದಳು. ಕಣ್ಣೊರೆಸಿಕೊಂಡು, "ಇದು ಉರಿಯುವ ಸೌದೆಯಲ್ಲ, ಅಳುವ ಸೌದೆ" ಎಂದಳು.

ಅಪ್ಪ ಇಲ್ಲದ ಮೊದಲ ಚಳಿಗಾಲ ಅದು. ಅವರಿದ್ದಾಗ ಸೌದೆಯ ಕೆಲಸ ಯಾವಾಗ ನಡೆಯುತ್ತಿತ್ತು ಎಂಬುದೇ ನಮಗೆ ಸರಿಯಾಗಿ ಗೊತ್ತಿರಲಿಲ್ಲ. ಬೇಸಿಗೆಯ ಬೆಳಗಿನಲ್ಲಿ ಹಿತ್ತಲ ಕಡೆಯಿಂದ ಕೊಡಲಿಯ ಸದ್ದು ಕೇಳುತ್ತಿತ್ತು, ಅಷ್ಟೇ. ಚಳಿ ಶುರುವಾಗುವ ಹೊತ್ತಿಗೆ ಸೂರಿನ ಕೆಳಗೆ ಸೌದೆ ಇರುತ್ತಿತ್ತು, ಬಾವಿಯಲ್ಲಿ ನೀರು ಇರುವ ಹಾಗೆ. ಆ ವರ್ಷ ಅವರು ಒಟ್ಟಿಟ್ಟಿದ್ದ ಕೊನೆಯ ಸಾಲು ಡಿಸೆಂಬರ್ ಮೊದಲ ವಾರಕ್ಕೇ ಮುಗಿಯಿತು. ಗಾಬರಿಯಲ್ಲಿ ಒಂದು ಗಾಡಿ ಸೌದೆ ಕೊಂಡೆ. ಮಾರಿದವರು ಚೆನ್ನಾಗಿ ಒಣಗಿದೆ ಎಂದರು, ನಾನು ನಂಬಿದೆ. ಮೇಲಿಂದ ನೋಡಿದರೆ ಒಣಗಿದಂತೆಯೇ ಇತ್ತು. ಗಾಡಿಯಿಂದ ಇಳಿಸುವಾಗ ಒಂದೊಂದು ತುಂಡೂ ಕೈ ಜಗ್ಗಿತ್ತು. ಆ ಭಾರಕ್ಕೆ ಅರ್ಥವಿದೆ ಎಂದು ನನಗೆ ಹೊಳೆಯಲಿಲ್ಲ.

ಆ ಸೌದೆಯಿಂದಾದ ತೊಂದರೆ ಹೊಗೆಗೆ ಮುಗಿಯಲಿಲ್ಲ. ಜನವರಿಯ ಒಂದು ರಾತ್ರಿ, ನಾವೆಲ್ಲ ಮಲಗಿದ ಮೇಲೆ, ಚಳಿ ತಾಳಲಾರದೆ ಅಮ್ಮ ಒಲೆಯಲ್ಲಿ ಉಳಿದಿದ್ದ ಕೆಂಡವನ್ನು ಅಗ್ಗಿಷ್ಟಿಕೆಗೆ ಹಾಕಿಕೊಂಡು, ಮೇಲಿಷ್ಟು ಇದ್ದಿಲು ಸುರಿದು, ತನ್ನ ಕೋಣೆಗೆ ಒಯ್ದಿದ್ದಳು. ಆ ಕೋಣೆಯ ಕಿಟಕಿಯ ಸಂದುಗಳಿಗೆಲ್ಲ ಬಟ್ಟೆ ತುರುಕಿ ಗಾಳಿಯಾಡದಂತೆ ಮಾಡಿದ್ದವರು ಯಾರು? ನಾನೇ. ಕೆಂಡದಿಂದ ಹೊಗೆ ಏಳುತ್ತಿರಲಿಲ್ಲವಾದ್ದರಿಂದ ಅದರಿಂದ ಅಪಾಯವಿಲ್ಲ ಎಂದು ಅವಳು ನಂಬಿದ್ದಳು. ಬೆಳಗಿನ ಜಾವ ನೀರು ಕುಡಿಯಲು ಎದ್ದ ನನ್ನ ಮಗಳಿಗೆ ಅಜ್ಜಿ ನರಳುವುದು ಕೇಳಿಸಿ ನನ್ನನ್ನು ಎಬ್ಬಿಸಿದಳು. ಅಮ್ಮನಿಗೆ ತಲೆ ಸಿಡಿಯುವಷ್ಟು ನೋವು, ವಾಕರಿಕೆ, ಕಾಲಿನಲ್ಲಿ ತ್ರಾಣವಿಲ್ಲ. ಬಾಗಿಲು ಕಿಟಕಿ ತೆರೆದು, ಅವಳನ್ನು ಎತ್ತಿಕೊಂಡು ಹೊರಗಿನ ಜಗುಲಿಗೆ ತಂದೆವು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಮಧ್ಯಾಹ್ನ ಕಳೆದ ಮೇಲೆ ಅವಳು ಮೊದಲಿನಂತೆ ಮಾತಾಡಿದಳು.

ಮುಚ್ಚಿದ ಕೋಣೆಯಲ್ಲಿ ಕೆಂಡ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಉಸಿರು ಕಟ್ಟಿದ ಅನುಭವವೇ ಆಗುವುದಿಲ್ಲ. ತಲೆನೋವು, ಮಂಪರು, ಆಮೇಲೆ ಎಚ್ಚರ ತಪ್ಪುವುದು. ಈ ಬರಹವನ್ನು ಅರ್ಧದಲ್ಲೇ ಬಿಡುವವರಿದ್ದರೆ ಇದೊಂದನ್ನು ಓದಿಕೊಂಡು ಹೋಗಿ: ಮಲಗುವ ಕೋಣೆಗೆ ಕೆಂಡ ಒಯ್ಯಬೇಡಿ. ಎಷ್ಟೇ ಚಳಿಯಿರಲಿ, ಎಷ್ಟೇ ಸ್ವಲ್ಪ ಕೆಂಡವಾಗಿರಲಿ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹಿಂದಕ್ಕೆ ಎಣಿಸುತ್ತ ಹೋದೆ. ಅಮ್ಮ ಕೆಂಡ ಒಯ್ದದ್ದು ಒಲೆ ಕೋಣೆಯನ್ನು ಬೆಚ್ಚಗೆ ಮಾಡದಿದ್ದ ಕಾರಣ. ಒಲೆ ಉರಿಯದಿದ್ದದ್ದು ಸೌದೆ ಹಸಿಯಾಗಿದ್ದ ಕಾರಣ. ಸೌದೆ ಹಸಿಯಾಗಿದ್ದದ್ದು ಕಳೆದ ವರ್ಷದ ಬೇಸಿಗೆಯಲ್ಲಿ ನಾನು ಅದನ್ನು ಸೀಳಿ ಬಿಸಿಲಿಗೆ ಹಾಕದಿದ್ದ ಕಾರಣ. ಚಳಿಯನ್ನು ನಾನು ಚಳಿಗಾಲದಲ್ಲಿ ಎದುರಿಸಲು ಹೊರಟಿದ್ದೆ.

ಅಂದಿನಿಂದ ಮೂರು ವರ್ಷ ಈ ಮನೆಯ ಒಂದೊಂದು ಮೂಲೆಯನ್ನೂ ಚಳಿಗಾಲಕ್ಕೆ ಸಿದ್ಧಪಡಿಸುತ್ತ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನಮ್ಮ ನಿಜವಾದ ಎದುರಾಳಿ ಚಳಿಯಲ್ಲ, ತೇವ. ಒಣಗಿದ ಮನೆ, ಒಣಗಿದ ಸೌದೆ, ಒಣಗಿದ ಹಾಸಿಗೆ ಇದ್ದರೆ ಚಳಿಯನ್ನು ತಡೆದುಕೊಳ್ಳಬಹುದು. ಇದು ಬರಿಯ ಅನಿಸಿಕೆಯೂ ಅಲ್ಲ. ಅಲುಗಾಡದೆ ನಿಂತ ಗಾಳಿಗಿಂತ ನೀರು ಶಾಖವನ್ನು 20 ಪಟ್ಟಿಗೂ ಹೆಚ್ಚು ವೇಗವಾಗಿ ಸಾಗಿಸುತ್ತದೆ. ಕಂಬಳಿಯ ಎಳೆಗಳ ನಡುವೆ, ಮಣ್ಣಿನ ಗೋಡೆಯ ರಂಧ್ರಗಳೊಳಗೆ, ಹುಲ್ಲಿನ ಹೊದಿಕೆಯಲ್ಲಿ ನಮ್ಮನ್ನು ಕಾಯುವುದು ಅಲ್ಲಿ ಸಿಕ್ಕಿಕೊಂಡ ಗಾಳಿ. ಆ ಜಾಗದಲ್ಲಿ ನೀರು ಬಂದು ಕೂತರೆ ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ.

ಸೌದೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರಬಹುದು. ಹತ್ತು ಕಿಲೋ ಹಸಿ ಸೌದೆ ಒಲೆಗೆ ಇಟ್ಟರೆ ಐದು ಕಿಲೋ ಮರ, ಐದು ಲೀಟರ್ ನೀರು ಇಟ್ಟ ಹಾಗೆ. ಆ ನೀರು ಕುದಿದರೆ ಸಾಲದು, ಆವಿಯಾಗಿ ಹೋಗಬೇಕು. ಕೊಡದ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವ ಶಾಖದ ಆರು ಪಟ್ಟಿಗೂ ಹೆಚ್ಚು ಶಾಖ, ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಬೇಕು. ಸ್ಕಾಟ್ಲೆಂಡಿನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಗಮನಿಸಿದ್ದು ಇದನ್ನೇ: ಕುದಿಯುವ ನೀರಿಗೆ ಎಷ್ಟು ಬೆಂಕಿ ಕೊಟ್ಟರೂ ಅದರ ಬಿಸಿ ಏರುವುದಿಲ್ಲ, ಕೊಟ್ಟ ಶಾಖವೆಲ್ಲ ಆವಿಯೊಳಗೆ ಅಡಗಿಕೊಳ್ಳುತ್ತದೆ. ಶಾಲೆಯಲ್ಲಿ ಗುಪ್ತೋಷ್ಣ ಎಂಬ ಹೆಸರಿನಲ್ಲಿ ಬಾಯಿಪಾಠ ಮಾಡಿದ್ದೆ. ಅದು ಅಮ್ಮನ ಮೊಣಕಾಲಿನ ನೋವಿಗೆ ಸಂಬಂಧಿಸಿದ ವಿಷಯ ಎಂದು ಆಗ ಯಾರು ಅಂದುಕೊಂಡಿದ್ದರು!

ಆದರೆ ಲೆಕ್ಕ ಹಾಕಿ ನೋಡಿದಾಗ ನನಗೇ ಅಚ್ಚರಿಯಾಯಿತು. ಆ ಐದು ಲೀಟರ್ ನೀರು ನುಂಗುವುದು ಮರದಲ್ಲಿರುವ ಒಟ್ಟು ಶಾಖದ ಏಳರಲ್ಲಿ ಒಂದು ಪಾಲನ್ನು ಮಾತ್ರ. ಹಾಗಿದ್ದರೆ ನಮ್ಮ ಒಲೆ ಅಷ್ಟೊಂದು ತಣ್ಣಗಿದ್ದದ್ದು ಏಕೆ? ಮರ ಉರಿಯುತ್ತದೆ ಎಂದು ನಾವು ಹೇಳುತ್ತೇವಾದರೂ ಜ್ವಾಲೆಯಾಗಿ ಉರಿಯುವುದು ಬಿಸಿಗೆ ಮರದಿಂದ ಹೊರಡುವ ಅನಿಲಗಳು. ಅವು ಪೂರ್ತಿಯಾಗಿ ಉರಿಯಬೇಕಾದರೆ ಒಲೆಯೊಳಗೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆವಿಯಾಗುತ್ತಿರುವ ನೀರು ಅಷ್ಟು ಬಿಸಿ ಏರಲು ಬಿಡುವುದಿಲ್ಲ. ಅನಿಲ ಉರಿಯದೆ ಹೊಗೆಯಾಗಿ ಹೊರಟುಹೋಗುತ್ತದೆ. ಅಂದರೆ ಮರದ ಸತ್ವವೇ ಹೊಗೆಗೊಳವೆಯಲ್ಲಿ ಮೇಲೇರಿ ಹೋಗುತ್ತಿತ್ತು. ನಾವು ಕೆಳಗೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದೆವು.

ಒಲೆಗೆ ಹಾಕುವ ಸೌದೆಯಲ್ಲಿ ತೇವ ಶೇ 20ಕ್ಕಿಂತ ಕಡಿಮೆಯಿರಬೇಕು. ಹಗುರವಾದ ಮೆದು ಮರ ಆ ಮಟ್ಟಕ್ಕೆ ಬರಲು ಆರು ತಿಂಗಳು ಸಾಕಾಗಬಹುದು; ಗಟ್ಟಿ ಮರಕ್ಕೆ ಒಂದು ವರ್ಷ, ಕೆಲವಕ್ಕೆ ಎರಡು ವರ್ಷವೂ ಬೇಕು. ಅವಸರ ಮಾಡಿದರೆ ಒಣಗುವುದಿಲ್ಲ. ಹಣ ಸುರಿದರೂ ಆ ಒಂದು ವರ್ಷವನ್ನು ಡಿಸೆಂಬರಿನಲ್ಲಿ ಕೊಳ್ಳಲು ಆಗುವುದಿಲ್ಲ.

ಮರದೊಳಗೆ ನೀರು ಓಡಾಡಿದ ನಾಳಗಳು ಉದ್ದುದ್ದಕ್ಕೆ ಇರುತ್ತವೆ. ಆದ್ದರಿಂದ ಒಣಗುವಾಗಲೂ ತೇವ ಹೊರಬೀಳುವುದು ಕೊಯ್ದ ತುದಿಗಳಿಂದಲೇ ಹೆಚ್ಚು. ತೊಗಟೆ ಇದ್ದ ಕಡೆ ನೀರು ಸುಲಭವಾಗಿ ಹೊರಗೆ ಬರುವುದಿಲ್ಲ. ಮರ ಬದುಕಿದ್ದಾಗ ತೊಗಟೆಯ ಕೆಲಸವೇ ನೀರನ್ನು ಒಳಗೆ ಉಳಿಸಿಕೊಳ್ಳುವುದಲ್ಲವೇ. ಹಾಗಾಗಿ ಗಿಡ್ಡಗೆ ಕೊಯ್ಯಬೇಕು, ಸೀಳಬೇಕು. ದುಂಡನೆಯ ಕೊರಡನ್ನು ಹಾಗೇ ಬಿಟ್ಟರೆ ಎರಡು ವರ್ಷ ಕಳೆದರೂ ಒಳಗೆ ಹಸಿಯೇ. ತುದಿಯಲ್ಲಿ ಬಿರುಕು ಬಿಟ್ಟಿದೆ, ಒಣಗಿದೆ ಎಂದು ಬಹಳ ಮಂದಿ ಹೇಳುತ್ತಾರೆ. ತೇವ ಶೇ 30ರ ಆಸುಪಾಸಿಗೆ ಇಳಿದ ಮೇಲೆ ಮರ ಕುಗ್ಗತೊಡಗಿ ಬಿರುಕು ಬಿಡುವುದು ನಿಜ. ಆದರೆ ಆ ಬಿರುಕು ತುದಿಯ ಸಾಕ್ಷಿ, ಹೊಟ್ಟೆಯದಲ್ಲ. ನಾನು ಮೋಸಹೋದ ಸೌದೆಗೂ ಬಿರುಕುಗಳಿದ್ದವು.

ಈಗ ನಾನು ಮಾಡುವುದು ಇಷ್ಟು. ರಾಶಿಯ ನಡುವಿನಿಂದ ಒಂದು ತುಂಡು ಎಳೆದು, ನಿಲ್ಲಿಸಿ, ಕೊಡಲಿಯಿಂದ ಸೀಳುತ್ತೇನೆ. ಆಗತಾನೆ ತೆರೆದ ಮೈಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತೇನೆ. ಬೆರಳು ಕೆಲಸ ಮಾಡಿ ಮಾಡಿ ಒರಟಾಗಿರುತ್ತದೆ, ಅದಕ್ಕೆ ತಿಳಿಯುವುದಿಲ್ಲ, ಕೆನ್ನೆಗೆ ತಿಳಿಯುತ್ತದೆ. ಹಸಿ ಮರ ತಣ್ಣಗೆ, ಒದ್ದೆ ಬಟ್ಟೆ ತಾಗಿದಂತೆ ತಾಗುತ್ತದೆ. ಒಣಗಿದ ಮರದಲ್ಲಿ ತಂಪು ಇಲ್ಲ, ಕಾಗದ ಮುಟ್ಟಿದಂತೆ. ವಾಸನೆಯೂ ಬೇರೆ. ಹಸಿಯದು ಹುಳಿಹುಳಿಯಾಗಿ ಮೂಗಿಗೆ ಅಡರುತ್ತದೆ, ಒಣಗಿದ್ದರಲ್ಲಿ ವಾಸನೆ ಅಡಗಿಹೋಗಿರುತ್ತದೆ. ಆಮೇಲೆ ಎರಡು ಹೋಳುಗಳನ್ನು ಒಂದಕ್ಕೊಂದು ಬಡಿಯುತ್ತೇನೆ. ಒಣಗಿದ್ದರೆ ಠಣ್ ಎಂದು ಗಂಟಲು ಬಿಟ್ಟು ಕೂಗುತ್ತದೆ, ಹಸಿಯಾಗಿದ್ದರೆ ದಬ್ ಎಂದು ಅಲ್ಲೇ ಮುಗಿಯುತ್ತದೆ. ತೇವ ಅಳೆಯುವ, ಎರಡು ಮುಳ್ಳುಗಳ ಸಣ್ಣ ಉಪಕರಣವನ್ನೂ ತಂದಿಟ್ಟುಕೊಂಡಿದ್ದೇನೆ. ಅದನ್ನೂ ಹೊಸದಾಗಿ ಸೀಳಿದ ಮೈಗೇ ಚುಚ್ಚಿ ನೋಡಬೇಕು. ಆ ವರ್ಷದ ಸೌದೆಯಲ್ಲಿ ಉಳಿದಿದ್ದ ಒಂದು ತುಂಡಿಗೆ ಚುಚ್ಚಿದಾಗ 38 ಎಂದು ತೋರಿಸಿತು.

ಒಟ್ಟುವುದೂ ಒಂದು ವಿದ್ಯೆ. ನೆಲಕ್ಕೆ ತಾಗದಂತೆ ಕೆಳಗೆ ಎರಡು ಅಡ್ಡ ಕಂಬ, ಗೋಡೆಯಿಂದ ಒಂದು ಗೇಣು ದೂರ, ಗಾಳಿ ಬೀಸುವ ದಿಕ್ಕಿಗೆ ತುದಿಗಳು. ತಲೆಯ ಮೇಲೆ ಮಾತ್ರ ಹೊದಿಕೆ. ಮೊದಲ ವರ್ಷ ನಾನು ಇಡೀ ರಾಶಿಗೆ ನೆಲದವರೆಗೆ ಪ್ಲಾಸ್ಟಿಕ್ ಹೊದಿಸಿ ಕಲ್ಲು ಹೇರಿಟ್ಟಿದ್ದೆ. ಒಂದು ತಿಂಗಳ ಮೇಲೆ ತೆಗೆದರೆ ಒಳಗೆಲ್ಲ ಬಿಳಿ ಬೂಷ್ಟು. ಮಳೆಯನ್ನು ತಡೆದಿದ್ದೆ, ಮರದ ಉಸಿರನ್ನೂ ತಡೆದಿದ್ದೆ. ಸಾಲುಗಳನ್ನು ಮನೆಗೆ ಅಂಟಿಸಿ ಒಟ್ಟದಿರುವುದಕ್ಕೆ ಗೆದ್ದಲಿನ ಕಾರಣವೂ ಇದೆ. ಒಂದೆರಡು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಸೂರಿನಡಿಗೆ ತಂದುಕೊಳ್ಳುತ್ತೇವೆ.

ಅಪ್ಪ ಪ್ರತಿ ಸಾಲಿನ ತುದಿಯ ಒಂದು ಹೋಳಿನ ಮೇಲೆ ಸೀಮೆಸುಣ್ಣದಿಂದ ಇಸವಿ ಬರೆದಿಡುತ್ತಿದ್ದರು. ಯಾವ ಸಾಲು ಮೊದಲು ಒಲೆಗೆ, ಯಾವುದು ಕಾಯಬೇಕು ಎಂಬ ಲೆಕ್ಕ ಅದು. ಅವರು ಹೋದ ವರ್ಷ ಡಿಸೆಂಬರಿನಲ್ಲಿ ಅವರ ಸಾಲು ಮುಗಿಯುತ್ತ ಬಂದಾಗ ಇಸವಿ ಬರೆದ ಆ ಹೋಳೊಂದೇ ಉಳಿಯಿತು. ನಾನು ಅದನ್ನು ಒಳಗೆ ತಂದು ಗೂಡಿನಲ್ಲಿಟ್ಟೆ. ನಾಲ್ಕು ದಿನ ಅಮ್ಮ ಅದರ ಮುಂದೆ ಓಡಾಡಿದಳು, ಏನೂ ಹೇಳಲಿಲ್ಲ. ಐದನೆಯ ದಿನ ಹಸಿ ಸೌದೆ ಎಷ್ಟು ಊದಿದರೂ ಹತ್ತದಿದ್ದಾಗ ಎದ್ದು ಹೋಗಿ, ಆ ಹೋಳನ್ನು ತಂದು ಒಲೆಗಿಟ್ಟಳು. ಎರಡು ವರ್ಷ ಒಣಗಿದ ಸೌದೆ. ಒಂದೇ ಊದಿಗೆ ಹತ್ತಿಕೊಂಡಿತು.

ಹೊಗೆಗೊಳವೆಯ ಕೆಲಸ ಸೆಪ್ಟೆಂಬರ್ ಕೊನೆಗೆ. ಹಸಿ ಸೌದೆಯ ಉರಿಯದ ಹೊಗೆ ಮೇಲೇರುತ್ತ ತಣ್ಣಗಾಗಿ ಗೊಳವೆಯ ಒಳಮೈಗೆ ಟಾರಿನಂತೆ ಮೆತ್ತಿಕೊಳ್ಳುತ್ತದೆ. ಕ್ರಿಯೊಸೋಟ್ ಎನ್ನುವುದು ಅದನ್ನೇ. ಬರಿಯ ಮಸಿಯಾದರೆ ಬ್ರಷ್ ಆಡಿಸಿದ ಕೂಡಲೇ ಪುಡಿಪುಡಿಯಾಗಿ ಬೀಳುತ್ತದೆ. ಇದು ಹೊಳೆಯುವ ಕಪ್ಪು ಚಕ್ಕೆ, ಕೆರೆದರೂ ಬಿಡುವುದಿಲ್ಲ. ಮತ್ತು ಅದು ಉರಿಯುವ ವಸ್ತು. ಒಂದು ಕಿಡಿ ಹತ್ತಿದರೆ ಗೊಳವೆಯೇ ಒಲೆಯಾಗಿ, ಮಾಡಿನ ಜಂತೆಗೆ ಬೆಂಕಿ ತಲುಪಬಹುದು. ಆ ಚಳಿಗಾಲ ಕಳೆದ ಮೇಲೆ ನಮ್ಮ ಗೊಳವೆಯಿಂದ ಅರ್ಧ ಬಕೆಟ್ ಚಕ್ಕೆ ಕೆರೆದು ತೆಗೆದೆವು. ಕಳೆದ ವರ್ಷ ಒಣ ಸೌದೆ ಉರಿಸಿದ ಮೇಲೆ ಸಿಕ್ಕಿದ್ದು ಎರಡು ಬೊಗಸೆ ಮಸಿ. ಗೊಳವೆಯ ಬಾಯಲ್ಲಿ ಹಕ್ಕಿ ಗೂಡು ಕಟ್ಟಿದೆಯೇ ಎಂದೂ ನೋಡಬೇಕು. ಹೊಗೆ ಹೊರಗೆ ಹೋಗಲಾರದ ಒಲೆ, ಆ ಅಗ್ಗಿಷ್ಟಿಕೆಯಷ್ಟೇ ಅಪಾಯ.

ಏಣಿ ಹಾಕಿದ್ದೇ ಆದರೆ ಸೂರಿನ ದೋಣಿಯನ್ನೂ ಆಗಲೇ ಬಳಿದುಬಿಡುತ್ತೇನೆ. ಎಲೆ ಕೊಳೆತು ಕಟ್ಟಿಕೊಂಡ ದೋಣಿಯಲ್ಲಿ ನೀರು ನಿಂತು, ಉಕ್ಕಿ, ಗೋಡೆಯ ಮೇಲೆ ಇಳಿಯುತ್ತದೆ. ನಮ್ಮದು ಮಣ್ಣಿನ ಗೋಡೆ, ದಪ್ಪ ಗೋಡೆ. ಒಣಗಿದ್ದಷ್ಟು ದಿನ ಅದು ಬೆಚ್ಚಗಿನ ಗೋಡೆ. ಕೆಲವು ವರ್ಷದ ಕೆಳಗೆ ಹಿಂಭಾಗದ ಗೋಡೆಗೆ, ಗಟ್ಟಿಯಾಗಿರುತ್ತದೆ ಎಂಬ ಸಲಹೆ ಕೇಳಿ, ಸಿಮೆಂಟ್ ಗಾರೆ ಹಾಕಿಸಿದ್ದೆವು. ಗಾರೆ ಗಟ್ಟಿಯಾಗಿಯೇ ಇತ್ತು. ಆದರೆ ಕೂದಲೆಳೆಯಂಥ ಬಿರುಕುಗಳಿಂದ ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿರಲಿಲ್ಲ. ಮೂರನೆಯ ವರ್ಷ ಒಂದು ಕಡೆ ಗಾರೆ ಉಬ್ಬಿ ನಿಂತಿತು. ತಟ್ಟಿದರೆ ಪೊಳ್ಳು ಸದ್ದು. ಉಳಿ ಹಾಕಿ ಎಬ್ಬಿಸಿದಾಗ ಹಿಂದಿನ ಮಣ್ಣು ನೆನೆದ ಹಿಟ್ಟಿನಂತೆ ಕೈಗೆ ಬಂತು. ಎಲ್ಲವನ್ನೂ ಕೆಡವಿ, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬಿಸಿಲಿಗೆ ಬಿಟ್ಟು, ಸುಣ್ಣದ ಗಾರೆ ಮೆತ್ತಿಸಿದೆವು. ಸುಣ್ಣ ಒಳಗಿನ ತೇವವನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಸಿಮೆಂಟಿಗೆ ಅದರದೇ ಜಾಗವಿದೆ, ಆದರೆ ಮಣ್ಣಿನ ಗೋಡೆಯ ಮೇಲೆ ಅದನ್ನು ಬಳಿಯುವುದು ತಪ್ಪು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹೊರಗಿನ ನೀರು ತಡೆದರೆ ಅರ್ಧ ಕೆಲಸ. ಉಳಿದರ್ಧ ನೀರನ್ನು ತಯಾರಿಸುವವರು ನಾವೇ. ಅಮ್ಮನ ಕೋಣೆಯಲ್ಲಿ ಬೀರುವಿನ ಹಿಂದಿನ ಮೂಲೆ ಪ್ರತಿ ಚಳಿಗಾಲವೂ ಕಪ್ಪಾಗುತ್ತಿತ್ತು. ಮಾಡು ಸೋರುತ್ತಿದೆ ಎಂದುಕೊಂಡು ಹಂಚು ಬದಲಿಸಿದೆವು, ಕಪ್ಪು ಹೋಗಲಿಲ್ಲ. ಬಿಸಿ ಗಾಳಿ ಹೆಚ್ಚು ಆವಿಯನ್ನು ಹೊತ್ತುಕೊಳ್ಳುತ್ತದೆ, ತಣ್ಣನೆಯ ಗಾಳಿ ಕಡಿಮೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿ ಹಿಡಿದುಕೊಂಡರೆ, ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂ ಮಾತ್ರ. ಬೆಚ್ಚಗಿನ ಕೋಣೆಯ ಗಾಳಿ ತಣ್ಣನೆಯ ಮೂಲೆಗೆ ಹೋಗಿ ತಾಗಿದಾಗ ಹೊರಲಾರದ ಆವಿಯನ್ನು ಅಲ್ಲೇ ಗೋಡೆಯ ಮೇಲೆ ಇಳಿಸುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಕೂರುವುದೂ ಹೀಗೆಯೇ. ಮಲಗಿದವರೊಬ್ಬರ ಉಸಿರು ಮತ್ತು ಮೈಯಿಂದ ಒಂದು ರಾತ್ರಿಯಲ್ಲಿ ಒಂದು ಲೋಟದಷ್ಟು ನೀರು ಗಾಳಿ ಸೇರುತ್ತದೆ. ಅದರ ಮೇಲೆ ನಾವು ಆ ಕೋಣೆಯಲ್ಲೇ ಹಗ್ಗ ಕಟ್ಟಿ ಒದ್ದೆ ಬಟ್ಟೆ ಒಣಹಾಕುತ್ತಿದ್ದೆವು! ಬಟ್ಟೆ ಒಣಗುತ್ತಿತ್ತು, ಅದರ ನೀರು ಅಮ್ಮನ ತಲೆಯ ಹಿಂದಿನ ಗೋಡೆಗೆ ಹೋಗುತ್ತಿತ್ತು. ಈಗ ಬಟ್ಟೆಯ ಹಗ್ಗ ಹಿಂಬದಿಯ ಚಪ್ಪರದಲ್ಲಿದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದಿದ್ದೇವೆ. ದಿನಾ ನಡು ಹಗಲಿನಲ್ಲಿ ಹತ್ತು ನಿಮಿಷ ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆಯುತ್ತೇವೆ. ಒಳಗಿನ ಗಾಳಿ ಬದಲಾಗುತ್ತದೆ. ಗೋಡೆ, ನೆಲ, ಮಂಚ ತಮ್ಮ ಬಿಸಿಯನ್ನು ಉಳಿಸಿಕೊಂಡಿರುತ್ತವೆ. ಮೂಲೆಯ ಕಪ್ಪು ಮತ್ತೆ ಬಂದಿಲ್ಲ.

ಸಂದು ಹುಡುಕುವ ಕೆಲಸ ಮಗಳದು. ಅವಳಿಗೀಗ ಒಂಬತ್ತು ವರ್ಷ. ಗಾಳಿಯಿರುವ ಸಂಜೆ ಎಲ್ಲ ಬಾಗಿಲು ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿಕೊಂಡು, ಚೌಕಟ್ಟಿನ ಅಂಚಿನಲ್ಲಿ ನಿಧಾನವಾಗಿ ಆಡಿಸುತ್ತ ಹೋಗುತ್ತಾಳೆ. ಹೊಗೆಯ ಎಳೆ ನೆಟ್ಟಗೆ ಏರುತ್ತಿದ್ದದ್ದು ಒಂದು ಕಡೆ ತಟ್ಟನೆ ಒಳಕ್ಕೆ ಬಾಗುತ್ತದೆ. "ಇಲ್ಲಿ!" ಎಂದು ಕೂಗುತ್ತಾಳೆ, ನಾನು ಸೀಮೆಸುಣ್ಣದಿಂದ ಗುರುತು ಹಾಕುತ್ತೇನೆ. ಕಳೆದ ವರ್ಷ 14 ಗುರುತುಗಳಾದವು. ಹೊಸ್ತಿಲ ಕೆಳಗಿನದು ಎಲ್ಲಕ್ಕಿಂತ ದೊಡ್ಡದು, ಬತ್ತಿಯ ಕೆಂಡವೇ ಕೆಂಪಗೆ ಅರಳಿತ್ತು. ಅದಕ್ಕೆ ಹಳೆಯ ಬಟ್ಟೆಯಲ್ಲಿ ಮರಳು ತುಂಬಿ ಹೊಲಿದ ಉದ್ದನೆಯ ದಿಂಬು ಮಾಡಿದ್ದೇವೆ. ಚೌಕಟ್ಟು ಗೋಡೆ ಸೇರುವ ಕಡೆ ಸುಣ್ಣದ ಗಾರೆ, ಕದದ ಅಂಚಿಗೆ ಉಣ್ಣೆಯ ಪಟ್ಟಿ. ಆದರೆ ಒಲೆಯಿರುವ ಕೋಣೆಯಲ್ಲಿ ಕೆಳಗೊಂದು, ಸೂರಿನ ಹತ್ತಿರ ಒಂದು ಗಾಳಿಗಿಂಡಿಯನ್ನು ಯಾರೂ ಮುಚ್ಚಕೂಡದು ಎಂದು ನಿಯಮ ಮಾಡಿದ್ದೇನೆ. ಅವುಗಳ ಸುತ್ತ ಮಗಳು ಕೆಂಪು ಬಣ್ಣ ಬಳಿದಿದ್ದಾಳೆ.

ಹಾಸಿಗೆ ಹೊದಿಕೆ ಅಮ್ಮನ ರಾಜ್ಯ, ಅಲ್ಲಿ ನಾನು ಆಳು. ಅಕ್ಟೋಬರಿನಲ್ಲಿ ಅಟ್ಟದಿಂದ ಇಳಿಸಿದ ಕಂಬಳಿಗಳನ್ನು ಒಂದೊಂದಾಗಿ ಹಗ್ಗದ ಮೇಲೆ ಹಾಕಿ, ಕೋಲಿನಿಂದ ಬಡಿದು, ನಡು ಮಧ್ಯಾಹ್ನ ಮಗ್ಗುಲು ಬದಲಿಸಿ, ಬಿಸಿಲು ಬಾಡುವ ಮುಂಚೆ ಒಳಗೆ ತರಬೇಕು. ನಾಲ್ಕು ಗಂಟೆ ದಾಟಲು ಅವಳು ಬಿಡುವುದಿಲ್ಲ. "ಸಂಜೆಯ ಗಾಳಿ ತಾಗಿದರೆ ಬೆಳಗಿನಿಂದ ಹಾಕಿದ್ದೆಲ್ಲ ವ್ಯರ್ಥ, ಎತ್ತು ಎತ್ತು" ಎಂದು ಜಗುಲಿಯಿಂದಲೇ ಅವಸರಪಡಿಸುತ್ತಾಳೆ. ಇದು ಸುಮ್ಮನೆ ರೂಢಿಯ ಮಾತೇ ಎಂಬ ಅನುಮಾನ ನನಗಿತ್ತು. ಒಮ್ಮೆ ದೊಡ್ಡ ಉಣ್ಣೆ ಕಂಬಳಿಯೊಂದನ್ನು ಬೆಳಿಗ್ಗೆ ತೂಗಿದೆ: 2 ಕಿಲೋ 600 ಗ್ರಾಂ. ನಾಲ್ಕು ಗಂಟೆಗೆ ಮತ್ತೆ ತೂಗಿದೆ: 2 ಕಿಲೋ 450. ಮುಟ್ಟಿದರೆ ಒಣಗಿಯೇ ಇದ್ದ ಕಂಬಳಿಯಿಂದ ಮುಕ್ಕಾಲು ಲೋಟ ನೀರು ಹೋಗಿತ್ತು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒದ್ದೆಯೆನಿಸದೆಯೇ ಒಳಗಿಟ್ಟುಕೊಳ್ಳಬಲ್ಲದು. ಅಂದರೆ ಗಾಳಿ ತೇವವಾದ ಕೂಡಲೇ ಅದು ಮತ್ತೆ ಹೀರಿಕೊಳ್ಳಲು ತೊಡಗುತ್ತದೆ. ಸಂಜೆ ಬಿಸಿಲು ಇಳಿದಂತೆ ಆಗುವುದು ಅದೇ. ಅಮ್ಮ ಹೇಳಿದ್ದು ಅಕ್ಷರಕ್ಷರ ಸರಿ. ತೂಕದ ಲೆಕ್ಕ ಹೇಳಿದಾಗ ಅವಳು ಕಂಬಳಿ ಮಡಿಸುವುದನ್ನು ನಿಲ್ಲಿಸದೆ, "ತೂಗುವುದೇಕೆ, ಎತ್ತಿಕೊಂಡರೆ ಕೈಗೆ ಗೊತ್ತಾಗುವುದಿಲ್ಲವೇ?" ಎಂದಳು.

ಇನ್ನು ಚಿಲ್ಲರೆ ಕೆಲಸಗಳು. ಕೊಟ್ಟಿಗೆಯ ಕಡೆಗೆ ಹೋಗುವ ಹೊರಗಿನ ಕೊಳವೆಯ ನೀರನ್ನು ತೀರಾ ಚಳಿಯ ರಾತ್ರಿಗಳಲ್ಲಿ ಪೂರ್ತಿ ಬಸಿದುಬಿಡುತ್ತೇವೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡಕ್ಕೆ ಕೊಳವೆ ಒಡೆಯುತ್ತದೆ. ಒಮ್ಮೆ ಒಡೆದದ್ದು ಗಡ್ಡೆ ಕಟ್ಟಿದ ಕಡೆಯಲ್ಲ, ಅಲ್ಲಿಂದ ಎರಡು ಮಾರು ದೂರದಲ್ಲಿ. ಇಲಿಗಳಿಗೂ ಬೆಚ್ಚನೆಯ ಮನೆ ಬೇಕು. ಪೆನ್ಸಿಲ್ ತೂರುವಷ್ಟು ಸಂದು ಸಾಕು, ಸಣ್ಣ ಇಲಿ ಒಳಗೆ ಬರುತ್ತದೆ. ಬಟ್ಟೆ ತುರುಕಿದರೆ ಕಡಿದು ಗೂಡಿಗೆ ಒಯ್ಯುತ್ತದೆ, ಆದ್ದರಿಂದ ಪಾತ್ರೆ ಉಜ್ಜುವ ಉಕ್ಕಿನ ನಾರು ತುರುಕಿ ಮೇಲೆ ಗಾರೆ ಹಾಕಬೇಕು. ಒಲೆಯ ಬೂದಿಗೆ ಮುಚ್ಚಳವಿರುವ ತಗಡಿನ ಡಬ್ಬ. ಬೂದಿಯೊಳಗೆ ಕೆಂಡ ಒಂದೆರಡು ದಿನಕ್ಕೂ ಮಿಕ್ಕಿ ಜೀವ ಹಿಡಿದಿರುತ್ತದೆ. ಕೊಟ್ಟಿಗೆಯ ನೆಲಕ್ಕೆ ಒಣ ಹುಲ್ಲು ದಪ್ಪಗೆ ಹಾಸಿ, ನೆನೆದದ್ದನ್ನು ದಿನಾ ತೆಗೆಯುವುದು. ದನಗಳೂ ಚಳಿಗಿಂತ ಒದ್ದೆಗೇ ಹೆಚ್ಚು ಸೋಲುತ್ತವೆ.

ಈ ಎಲ್ಲಕ್ಕೂ ಸಿಗುವ ಬಿಸಿಲು ಕಡಿಮೆ. ಸೆಪ್ಟೆಂಬರ್ 22-23ರ ಸುಮಾರಿಗೆ ಹಗಲು ರಾತ್ರಿ ಸಮವಾಗುವ ಹೊತ್ತಿನಲ್ಲೇ ಹಗಲು ಎಲ್ಲಕ್ಕಿಂತ ವೇಗವಾಗಿ ಕುಗ್ಗುತ್ತಿರುತ್ತದೆ. ದಿನಕ್ಕೆ ಕೆಲವೇ ನಿಮಿಷ ಎಂದು ಕೇಳಲು ಸಣ್ಣದು, ಆದರೆ ಹಗ್ಗದ ಮೇಲೆ ಕಂಬಳಿ ಹಾಕಿ ಕಾಯುವವರಿಗೆ ಗೊತ್ತು. ಹಿಂದಿನ ವಾರ ನಾಲ್ಕೂವರೆಯವರೆಗೆ ಹಗ್ಗದ ಮೇಲಿದ್ದ ಬಿಸಿಲು ಈ ವಾರ ನಾಲ್ಕಕ್ಕೇ ಕೊಟ್ಟಿಗೆಯ ನೆರಳಿಗೆ ಸೇರಿಬಿಡುತ್ತದೆ. ಅದಕ್ಕೇ ನಾನೀಗ ಸೌದೆಯನ್ನು ಬೇಸಿಗೆಯಲ್ಲೇ ಸೀಳುತ್ತೇನೆ, ಅದೂ ಬರುವ ಚಳಿಗಲ್ಲ, ಅದರ ಮುಂದಿನದಕ್ಕೆ. ಹಿತ್ತಲಲ್ಲಿ ಈಗ ಎರಡು ಸಾಲುಗಳಿವೆ. ಎರಡರ ತುದಿಯಲ್ಲೂ ಇಸವಿ ಬರೆದಿದೆ. ಅಕ್ಷರ ಅಪ್ಪನದಷ್ಟು ದುಂಡಗಿಲ್ಲ.

ಮೊನ್ನೆ ಭಾನುವಾರ ಈ ವರ್ಷದ ಸಾಲನ್ನು ಬಿಚ್ಚಿ, ಮೊದಲ ಒಂದೆರಡು ವಾರಕ್ಕೆ ಬೇಕಾದಷ್ಟನ್ನು ಸೂರಿನಡಿಗೆ ಸಾಗಿಸಿದೆವು. ನಾನು ಬುಟ್ಟಿಯಲ್ಲಿ ತಂದು ಸುರಿಯುತ್ತಿದ್ದೆ, ಮಗಳು ಒಟ್ಟುತ್ತಿದ್ದಳು. ಅಮ್ಮ ಜಗುಲಿಯ ಅಂಚಿನಲ್ಲಿ ಮಣೆ ಹಾಕಿಕೊಂಡು ಕೂತು, ಪ್ರತಿ ಬುಟ್ಟಿಯಿಂದ ಎರಡೆರಡು ಹೋಳು ಎತ್ತಿ ಬಡಿದು ನೋಡುತ್ತಿದ್ದಳು. ಠಣ್. ಠಣ್. ಹತ್ತನೆಯದೋ ಹನ್ನೊಂದನೆಯದೋ ಬುಟ್ಟಿಯ ಒಂದು ಗಂಟಿನ ಹೋಳು ದಬ್ ಎಂದಿತು. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ನನ್ನ ಕಡೆಗೆ ಚಾಚಿ, "ಇದು ಇನ್ನೂ ಆಗಿಲ್ಲ. ಮುಂದಿನ ವರ್ಷದ ಸಾಲಿಗೆ ಹಾಕಿ ಬಾ" ಎಂದಳು.

ನಾನು ಹಾಕಿ ಬಂದೆ.